ಹಿತ್ತಲಲ್ಲಿ ಊಸ್ ಸೇತುವೆ: ಸಿಮೆಂಟ್ ಇಲ್ಲದೆ ಮೂರು ಕಮಾನು

ಹಿತ್ತಲಲ್ಲಿ ನಾನು ಕಟ್ಟಿದ ಪುಟ್ಟ ಇಟ್ಟಿಗೆ ಸೇತುವೆಗೆ ಎರಡು ಚಳಿಗಾಲ ಕಳೆಯಿತು, ಮೂರು ಕಮಾನಿನಲ್ಲಿ ಒಂದು ಬಿರುಕೂ ಇಲ್ಲ. ಸುಣ್ಣದ ಗಾರೆ ಇಂಗ್ಲೆಂಡಿನ ಚಳಿಗೆ ನಿಲ್ಲಲ್ಲ, ಸುಮ್ನೆ ಸಿಮೆಂಟ್ ಹಾಕು ಅಂದವರೇ ಈಗ ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದಾರೆ.

ಸಸೆಕ್ಸ್‌ನ ಬಾಲ್ಕಂ ಹತ್ತಿರದ ಊಸ್ ಕಣಿವೆಯ ರೈಲು ಸೇತುವೆ ಗೊತ್ತಲ್ವಾ, 1841ರದ್ದು, 37 ಕಮಾನು. ಲಂಡನ್–ಬ್ರೈಟನ್ ರೈಲು ಈಗಲೂ ಅದರ ಮೇಲೇ ಓಡುತ್ತದೆ. ನಾನು ಕಟ್ಟಿದ್ದು ಅದರ ಮೂರು ಕಮಾನು ಮಾತ್ರ, ಇಪ್ಪತ್ತರಲ್ಲಿ ಒಂದು ಅಳತೆಯಲ್ಲಿ. ಇಟ್ಟಿಗೆ ಮಾತ್ರ ಅಳತೆಗಿಂತ ದೊಡ್ಡದು. ಅಸಲಿ ಸೇತುವೆಗೆ ಹೋಗಿದ್ದು ಸುಮಾರು 1 ಕೋಟಿ 10 ಲಕ್ಷ ಇಟ್ಟಿಗೆ, ಅಂದರೆ ಕಮಾನಿಗೆ ಹತ್ತಿರ ಹತ್ತಿರ 3 ಲಕ್ಷ. ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ.

ಮೊದಲ ವರ್ಷ ನಾನೂ ಸಿಮೆಂಟನ್ನೇ ಹಾಕಿದ್ದೆ. ಜನವರಿಯ ಹಿಮ ಕರಗುವಷ್ಟರಲ್ಲಿ ಇಟ್ಟಿಗೆಯ ಮುಖ ಚಕ್ಕೆ ಎದ್ದಿತ್ತು, ಸಂದು ಮಾತ್ರ ಕಲ್ಲಿನ ಹಾಗೆ ಗಟ್ಟಿ. ಒಳಗಿನ ನೀರಿಗೆ ಹೊರಗೆ ದಾರಿಯೇ ಇರಲಿಲ್ಲ. 150 ಪೌಂಡ್ ಮಣ್ಣುಪಾಲು.

ಎರಡನೇ ಸಲ ಸುಣ್ಣ ಹಾಕಿದೆ. ಗಾರೆ ಚೆನ್ನಾಗಿತ್ತು, ಆದರೆ ಒಂದೇ ಕಮಾನಿನ ಸೆಂಟ್ರಿಂಗ್ (ಗಾರೆ ಬಲಿಯುವವರೆಗೆ ಕಮಾನನ್ನು ಕೆಳಗಿನಿಂದ ಹೊರುವ ಅಚ್ಚು) ಬಿಚ್ಚಿದೆ. ಪಕ್ಕದ್ದು ಇನ್ನೂ ಅಚ್ಚಿನ ಮೇಲೆ ಕೂತಿತ್ತು, ಎದುರಿನಿಂದ ಒತ್ತು ಕೊಡಲಿಲ್ಲ, ಕಂಬ ವಾಲಿತು, ಎರಡು ವಾರದ ಕೆಲಸ ದಬದಬ ನೆಲಕ್ಕೆ ಬಂತು. ಇನ್ನೊಂದು 90 ಪೌಂಡ್.

ಈ ಸಲ ಮೂರೂ ಅಚ್ಚಿನ ಕೆಳಗೆ ಜೋಡಿ ಬೆಣೆ ಇಟ್ಟೆ. ಆರು ವಾರ ಒದ್ದೆ ಗೋಣಿತಾಟು ಹೊದಿಸಿದೆ. ಆಮೇಲೆ ಮೂರೂ ಅಚ್ಚು ಒಟ್ಟಿಗೇ ಚೂರುಚೂರೇ ಇಳಿಯಲಿ ಅಂತ ದಿನಾ ಬೆಳಿಗ್ಗೆ ಎಲ್ಲ ಬೆಣೆಗೂ ಒಂದೊಂದು ಪೆಟ್ಟು, ಅಷ್ಟೇ. ಐದನೇ ದಿನವೋ ಆರನೇ ದಿನವೋ ಅಚ್ಚಿಗೂ ಇಟ್ಟಿಗೆಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಕಮಾನು ತನ್ನ ಭಾರ ತಾನೇ ಹೊತ್ತಿತ್ತು. ಮೇ ತಿಂಗಳಲ್ಲೇ ಶುರು ಮಾಡಿ, ಹಿಮ ಬೀಳುವ ಮುಂಚೆ ಗಾರೆ ಬಲಿಯಬೇಕು. ಮರಳಿನ ಬೆರಕೆ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ನಡುವೆ ನಮ್ಮ ಹಳೇ ಗಾರೆಯವರ ಹಾಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಿ ಒಂದು ಬಕೆಟ್ ಕಲಸಿ ನೋಡಿದೆ. ಕರಣೆಗೆ ಬೆಣ್ಣೆಯ ಹಾಗೆ ಬಂತು. ಆದರೆ ಇಲ್ಲಿನ ತಂಪಿಗೆ ಮೂರು ವಾರವಾದರೂ ಉಗುರು ಒತ್ತಿದರೆ ಇಳಿಯುತ್ತಿತ್ತು.

ಕಟ್ಟುವವರು ಕಂಬದ ನಡುವೆ ಆರಪಾರ ಕಿಂಡಿ ಇಡಲು ಮರೆಯಬೇಡಿ. ಅಸಲಿ ಸೇತುವೆಯ ಎಂಜಿನಿಯರ್ ಜಾನ್ ರಾಸ್ಟ್ರಿಕ್ ಅದನ್ನು ಇಟ್ಟಿದ್ದು ಇಟ್ಟಿಗೆ ಉಳಿಸಲು, ತಳಪಾಯದ ಭಾರ ಇಳಿಸಲು. ಅಲ್ಲಿ ಕೆಳಗೆ ನಿಂತರೆ ಕಿಂಡಿಯೊಳಗೆ ಕಿಂಡಿ, ಕಣ್ಣು ಹೋಗುವಷ್ಟು ದೂರ. ನನಗೂ ಕಂಬಕ್ಕೆ ಕಾಲುಭಾಗ ಇಟ್ಟಿಗೆ ಉಳಿಯಿತು.

ನನ್ನ ಸೇತುವೆಗೆ ಮೇಲಿನ ಕಲ್ಲಿನ ಕಟಕಟೆ ಇನ್ನೂ ಬಾಕಿ. ಅಸಲಿ ಸೇತುವೆಯ 1990ರ ದಶಕದ ದುರಸ್ತಿಗೆ ಹೊಂದುವ ಕಲ್ಲನ್ನು ಫ್ರಾನ್ಸ್‌ನಿಂದ ತರಿಸಿದ್ದರು. ನಾನೂ ಅಂಥದ್ದೇ ಬಣ್ಣದ ಒಂದು ತುಂಡು ಹುಡುಕುತ್ತಿದ್ದೇನೆ.