ಶ್ರೇಢಿ ಲೆಕ್ಕ ನಾ ಹೆಂಗ ಬಿಡಿಸ್ತೀನಿ

ಗಂಗಾವತ್ಯಾಗ ಸಂಜಿಮುಂದ ಹತ್ತನೇ ಕ್ಲಾಸಿನ ಹುಡುಗರಿಗೆ ಟ್ಯೂಷನ್ ಹೇಳ್ತೀನಿ. ಸಮಾಂತರ ಶ್ರೇಢಿ (ಒಂದ ಅಂತರದಾಗ ಏರೋ ಇಲ್ಲಾ ಇಳಿಯೋ ಸಂಖ್ಯೆಗಳ ಸಾಲು, ಅದರಾಗಿನ ಒಂದೊಂದು ಸಂಖ್ಯೆಗೆ ಪದ ಅಂತಾರ) ಬಂತಂದ್ರ ಸಾಕು, ಎಲ್ಲಾರೂ ಮೊದ್ಲು ಫಾರ್ಮುಲಾ ಬರೀತಾರ, ಆಮ್ಯಾಲೆ ಲೆಕ್ಕ ಓದ್ತಾರ. ನಂದು ಉಲ್ಟಾ. ಕೇಳಿದ್ದು ಪದಾನೋ ಮೊತ್ತಾನೋ, ಗೊತ್ತಿರೋ ಪದದಿಂದ ಬೇಕಾದ ಪದಕ್ಕ ಎಷ್ಟು ಗ್ಯಾಪ್ ಐತಿ, ಇವೆರಡು ಗೊತ್ತಾಗೂಮಟ ಪೆನ್ನು ಮುಟ್ಟಂಗಿಲ್ಲ.

ಗ್ಯಾಪ್ ಅಂದ್ರ ಹಿಂಗ. ನಮ್ಮ ಟಿಬಿ ಡ್ಯಾಮಿಗೆ (ತುಂಗಭದ್ರಾ ಅಣೆಕಟ್ಟು) 33 ಗೇಟ್ ಅದಾವಲ್ಲ, ಒಂದನೇ ಗೇಟಿನಿಂದ 33ನೇದಕ್ಕ ನಡಕೊಂತ ಹೋದ್ರ ದಾಟೋ ಗ್ಯಾಪ್ 32 ಅಷ್ಟ. ಎಷ್ಟನೇ ಪದ ಅನ್ನೋದು ಎನ್, ಫಾರ್ಮುಲಾದಾಗಿನ ಎನ್ ಮೈನಸ್ 1 ಇದ ನೋಡ್ರಿ, ಬ್ಯಾರೆ ಏನಲ್ಲ.

ಈಗ ಒಂದು ಲೆಕ್ಕ ತಗೊಳ್ರಿ, 4ನೇ ಪದ 19, 11ನೇ ಪದ 54, 25ನೇ ಪದ ಎಷ್ಟು? ಪುಸ್ತಕದ ದಾರಿ ಅಂದ್ರ ಎರಡು ಸಮೀಕರಣ ಬರದು, ಕಳದು, ಡಿ (ಒಂದು ಗ್ಯಾಪಿನ ಅಂತರ) ತಗದು, ಮತ್ತ ಎ (ಮೊದಲ ಪದ) ತಗದು, ಆಮ್ಯಾಲೆ ಉತ್ತರ. ನಾ ಏನ್ ಮಾಡ್ತೀನಂದ್ರ 4ರಿಂದ 11ಕ್ಕ 7 ಗ್ಯಾಪ್, ಏರಿದ್ದು 35, ಅಂದ್ರ ಡಿ 5. ಇನ್ನ 11ರಿಂದ 25ಕ್ಕ 14 ಗ್ಯಾಪ್, 14 ಐದ್ಲೆ 70, 54ಕ್ಕ ಕೂಡಿಸಿದ್ರ 124, ಮುಗೀತು, ಎ ಬೇಕಾಗಲೇ ಇಲ್ಲ. (ಪರೀಕ್ಷ್ಯಾಗ ಹಂತಕ್ಕ ಮಾರ್ಕ್ಸ್ ಇರ್ತಾವು, ಅಲ್ಲಿ ಸಮೀಕರಣ ಬರದು ತೋರಿಸ್ರಿ, ಇದು ತಾಳೆ ನೋಡಾಕ.)

ಮೊತ್ತಕ್ಕ ಮೊದಲ ಪದ, ಕೊನೇ ಪದ ಕೂಡಿಸಿ ಅರ್ಧ ಮಾಡಿ ಪದಗಳ ಸಂಖ್ಯೆಯಿಂದ ಗುಣಿಸೂದು. ಇದ ಶ್ರೇಢಿಗೆ 19ರಿಂದ 3 ಗ್ಯಾಪ್ ಹಿಂದ ಹೋದ್ರ ಮೊದಲ ಪದ 4, 25ನೇದು 124, ಅರ್ಧ 64, 64 ಗುಣಿಲೆ 25 ಅಂದ್ರ 1600. ಮಧ್ಯದ 13ನೇ ಪದಾನೂ 64 ಐತಿ, ಬೇಕಾದ್ರ ನೋಡ್ರಿ. ಆರ್ಯಭಟ 499ರ ಸುಮಾರಿಗೇ ಮಧ್ಯದ ಬೆಲೆ ತಗದು ಪದಗಳ ಸಂಖ್ಯೆಯಿಂದ ಗುಣಿಸೋ ದಾರಿ ಹೇಳ್ಯಾನ, ನಾ ಏನೂ ಹೊಸಾದು ಮಾಡಿಲ್ಲ.

100ರಿಂದ 300ರೊಳಗ 7ರ ಗುಣಕಗಳ ಮೊತ್ತ ಅಂತ ಬಂದ್ರ 105 ಅಂದ್ರ 7 ಗುಣಿಲೆ 15, 294 ಅಂದ್ರ 7 ಗುಣಿಲೆ 42, ಹಂಗಾರ 15ರಿಂದ 42ರ ತನಕ ಎಣಿಸ್ರಿ, 28 ಪದ. 27 ಬರದ್ರ ಗ್ಯಾಪ್ ಎಣಿಸೀರಿ ಅಂತ ಅರ್ಥ. 105, 294 ಕೂಡಿಸಿದ್ರ 399, 28ರ ಅರ್ಧ 14, 399 ಗುಣಿಲೆ 14, ಉತ್ತರ 5586.

ನನಗ ಭಾಳ ಸೇರೋದು ಚೀಲದ ಲೆಕ್ಕ. ನಮ್ಮ ಕಡೆ ರೈಸ್ ಮಿಲ್ ಇಲ್ಲದ ಓಣಿ ಕಮ್ಮಿ, ಅದಕ್ಕ ಬೋರ್ಡ್ ಮ್ಯಾಲೆ ಭತ್ತದ ಚೀಲಾನ ಬರೀತೀನಿ. ತಳದ ಸಾಲಿನಾಗ 20 ಚೀಲ, ಮ್ಯಾಲೆ ಹೋದಂಗ ಸಾಲಿಗೊಂದು ಕಮ್ಮಿ, ಒಟ್ಟು 155 ಚೀಲ, ಸಾಲು ಎಷ್ಟು? ಸಾಲು ಎನ್ ಅಂದ್ರ ಕೊನೇ ಸಾಲಿನಾಗ 21 ಮೈನಸ್ ಎನ್ ಚೀಲ, ತಳದ 20 ಕೂಡಿಸಿ ಬಿಡಿಸಿದ್ರ ಎನ್ ಗುಣಿಲೆ (41 ಮೈನಸ್ ಎನ್) 155ರ ಎರಡು ಪಟ್ಟು, ಅಂದ್ರ 310ಕ್ಕ ಸಮ ಅಂತ ಬರ್ತೈತಿ, ಉತ್ತರ ಎರಡು, 10 ಮತ್ತ 31. ಹುಡುಗರು 31ರ ಮ್ಯಾಲೆ ಗೀಟು ಹೊಡದು ಮುಂದ ಹೋಗ್ತಾರ, ನಾ ಅಲ್ಲೇ ನಿಂದ್ರಿಸ್ತೀನಿ. ಗೀಟು ಹೊಡಿರಿ, ಆದ್ರ ಅದು ಎಲ್ಲಿಂದ ಬಂತು ಹೇಳ್ರಿ ಮೊದ್ಲು. 10ನೇ ಸಾಲಿನಾಗ 11 ಚೀಲ, ಅಲ್ಲಿಗೇ 155 ಆಗಿ ಹೋತು. 11ನೇ ಸಾಲಿನಾಗ 10, ಆಮ್ಯಾಲೆ 9, ಹಿಂಗ ಇಳಕೊಂತ 21ನೇ ಸಾಲಿಗೆ ಸೊನ್ನೆ, ಅದರಾಚೆ ಮೈನಸ್ 1, ಮೈನಸ್ 2, 31ನೇದಕ್ಕ ಮೈನಸ್ 10. ಈ 21 ಸಾಲು ಒಂದಕ್ಕೊಂದು ಹೊಡಕೊಂಡು ಸೊನ್ನೆ ಆಗ್ತಾವು, ಅದಕ್ಕ ಮೊತ್ತ ಮತ್ತ 155ಕ್ಕ ಬಂದು ನಿಂದರ್ತೈತಿ. ಲೆಕ್ಕದ ಪ್ರಕಾರ 31 ತಪ್ಪೇ ಅಲ್ಲ, ಮೈನಸ್ ಹತ್ತು ಚೀಲ ಪೇರಿಸೋ ಹಮಾಲಿ ಸಿಗಂಗಿಲ್ಲ ಅಷ್ಟ.