ಕಷಾಯ ಬಿದ್ದ ಲ್ಯಾಪ್‌ಟಾಪನ್ನು ನೀರಲ್ಲೇ ತೊಳೆದೆ

2023ರ ಜುಲೈ ತಿಂಗಳ ಒಂದು ಮಂಗಳವಾರ, ತೀರ್ಥಹಳ್ಳಿಯ ಆಚೆಯ ಊರಿನಿಂದ ತಂದೆ ಮತ್ತು ಮಗಳು ಮೊದಲ ಬಸ್ಸು ಹಿಡಿದು ಶಿವಮೊಗ್ಗದ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಬಂದರು. ಪ್ಲಾಸ್ಟಿಕ್ ಚೀಲದೊಳಗಿನ ಟವೆಲ್ಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಾಗ ಕೀಬೋರ್ಡಿನ ಸಂದಿಯಿಂದ ಜೀರಿಗೆ, ಕೊತ್ತಂಬರಿಯ ವಾಸನೆಯೂ ಅದರ ಹಿಂದೆಯೇ ಹುಳಿತ ಹಾಲಿನ ವಾಸನೆಯೂ ಬಂದವು. ಹುಡುಗಿ ಇಂಜಿನಿಯರಿಂಗ್ ಮೊದಲ ವರ್ಷದವಳು. ಶನಿವಾರ ರಾತ್ರಿ ಓದುತ್ತ ಕುಳಿತಿದ್ದಾಗ ಕರೆಂಟು ಹೋಗಿದೆ, ಕತ್ತಲಲ್ಲಿ ಕೈ ತಾಗಿ ಅಜ್ಜಿ ತಂದಿಟ್ಟಿದ್ದ, ಹಾಲು ಬೆಲ್ಲ ಹಾಕಿದ ಕಷಾಯದ ಲೋಟ ಮಗುಚಿದೆ. ಬ್ಯಾಟರಿಯ ಮೇಲೆ ಯಂತ್ರ ಓಡುತ್ತಲೇ ಇತ್ತಾದ್ದರಿಂದ, ಬರೆದದ್ದನ್ನು ಉಳಿಸಿಕೊಳ್ಳೋಣವೆಂದು ಅವಳು ಇನ್ನೂ ಹದಿನೈದು ಇಪ್ಪತ್ತು ನಿಮಿಷ ಅದನ್ನು ಆರಿಸಿರಲಿಲ್ಲ. ನಮ್ಮ ಕಸುಬಿನವರಿಗೆ ಆ ಇಪ್ಪತ್ತು ನಿಮಿಷದ ಅರ್ಥವೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ: ಒದ್ದೆ ಬೋರ್ಡಿನಲ್ಲಿ ಕರೆಂಟು ಹರಿದಷ್ಟೂ ತುಕ್ಕು ಬೇಗ ತಿನ್ನುತ್ತದೆ.

ಭಾನುವಾರ ಅದು ಅಕ್ಕಿಯ ಡಬ್ಬದಲ್ಲಿ ಮಲಗಿತ್ತು. ಸಂಜೆ ಬಚ್ಚಲ ಒಲೆಯ ಪಕ್ಕದಲ್ಲಿ ಬೆಚ್ಚಗೆ ಕುಳಿತು ಕೆಳಗಿನ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಸೊಟ್ಟಗಾಗಿತ್ತು. ಸೋಮವಾರ ಒಂದು ಸರ್ವಿಸ್ ಸೆಂಟರಿನವರು ಹಿಂಬದಿಯನ್ನು ಬಿಚ್ಚಿ ನೋಡಿ, ಮದರ್‌ಬೋರ್ಡ್ ಬದಲಿಸಬೇಕು, 31,000 ರೂಪಾಯಿ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟಿದ್ದರು. ಯಂತ್ರವನ್ನು ಕೊಂಡದ್ದೇ 46,000ಕ್ಕೆ. "ತೋಟಕ್ಕೆ ಕೊಳೆ ಔಷಧಿ ಹೊಡೆಸಿ ಕೈ ಖಾಲಿಯಾಗಿದೆ ಮಾರಾಯ್ರೆ, ಕೊಯ್ಲು ಮುಗಿಯುವವರೆಗೆ ಅಷ್ಟು ದುಡ್ಡು ಹುಟ್ಟುವುದಿಲ್ಲ" ಎಂದರು ತಂದೆ. ನಾನು ಅವರ ಎದುರಿನಲ್ಲೇ ಬೋರ್ಡನ್ನು ಹೊರಗೆ ತೆಗೆದು ಚಾರ್ಜಿಂಗ್ ಐಸಿಯ, ಅಂದರೆ ಬ್ಯಾಟರಿಯ ಚಾರ್ಜು ನೋಡಿಕೊಳ್ಳುವ ಚಿಪ್ಪಿನ ಸುತ್ತ ಕಟ್ಟಿದ್ದ ಹಸಿರು ನೀಲಿ ಪುಡಿಯನ್ನು ತೋರಿಸಿದಾಗ, ಅವರು ಕನ್ನಡಕವನ್ನು ಮೇಲೆ ಮಾಡಿ ನೋಡಿ, "ಇದು ಮೈಲುತುತ್ತದ ಬಣ್ಣವಲ್ಲವೇ?" ಎಂದು ಕೇಳಿದರು. ಕೊಳೆ ಔಷಧಿಗೆ ಬೆರೆಸುವ ಮೈಲುತುತ್ತವೂ ತಾಮ್ರದ್ದೇ, ಬೋರ್ಡಿನ ಮೇಲಿನದೂ ತಾಮ್ರದ್ದೇ. ಇಷ್ಟು ವರ್ಷಗಳಲ್ಲಿ ಗಿರಾಕಿಯೊಬ್ಬರು ತುಕ್ಕನ್ನು ಇಷ್ಟು ಸರಿಯಾಗಿ ಗುರುತಿಸಿದ್ದು ಅದೇ ಮೊದಲು.

ಬೋರ್ಡು ತೊಳೆಯಲು ನಮ್ಮವರೆಲ್ಲ ಬಳಸುವುದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಆ ಬೋರ್ಡನ್ನು ನಾನು ಮೊದಲೇ ಐಪಿಎಯಿಂದ ತೊಳೆಯಲಿಲ್ಲ, ನೀರಿನಿಂದ ತೊಳೆದೆ. ಇದನ್ನು ಅಂದು ಹೇಳಿದಾಗ ನಮ್ಮ ಬೀದಿಯಲ್ಲಿ ನಗದವರಿಲ್ಲ. ನನಗಿಂತ ಹತ್ತು ವರ್ಷ ಮೊದಲು ಸೋಲ್ಡರಿಂಗ್ ಐರನ್ ಹಿಡಿದ ಹಿರಿಯರೊಬ್ಬರು ಎದುರಿನ ಸಾಲಿನಲ್ಲಿದ್ದಾರೆ. "ಗಂಗಾ ಸ್ನಾನ, ತುಂಗಾ ಪಾನ ಎನ್ನುವುದನ್ನು ಕೇಳಿದ್ದೇನೆ, ಬೋರ್ಡಿಗೆ ತುಂಗಾ ಸ್ನಾನ ಮಾಡಿಸುವವನನ್ನು ಈಗ ನೋಡುತ್ತಿದ್ದೇನೆ" ಎಂದು ಅವರು ಚಹಾದಂಗಡಿಯಲ್ಲಿ ನಾಲ್ಕು ಜನರ ನಡುವೆ ಹೇಳಿದರು. ಎರಡು ಮಳೆಗಾಲ ದಾಟಿದ ಮೇಲೂ ಯಂತ್ರ ಓಡುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ನೀರಿಗೆ ಬರುವ ಮೊದಲು ನಾನು ಸಾಕಷ್ಟು ಬೋರ್ಡುಗಳನ್ನು ಕೊಂದಿದ್ದೇನೆ. ಎಲ್ಲರಂತೆ ನಾನೂ ಚಹಾ ಬಿದ್ದರೂ ಕಾಫಿ ಬಿದ್ದರೂ ನೇರವಾಗಿ ಐಪಿಎ ಸುರಿದು ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಬರೀ ನೀರು ಬಿದ್ದ ಯಂತ್ರಗಳು ಬದುಕುತ್ತಿದ್ದವು, ಹಾಲು ಸಕ್ಕರೆ ಸೇರಿದ್ದು ಬಿದ್ದವು ಮಾತ್ರ ಹೊಳೆಯುವಷ್ಟು ಸ್ವಚ್ಛವಾಗಿ ಮನೆಗೆ ಹೋಗಿ ಹತ್ತು ಹದಿನೈದು ದಿನಗಳಲ್ಲಿ ಮರಳಿ ಬರುತ್ತಿದ್ದವು. ಒಬ್ಬ ಡಿಗ್ರಿ ಹುಡುಗನ ಯಂತ್ರ ಸರಿಯಾಗಿ ಹನ್ನೊಂದು ದಿನ ಓಡಿ ನಿಂತಾಗ ನಾನು ತೆಗೆದುಕೊಂಡಿದ್ದ 1,500 ರೂಪಾಯಿಯನ್ನು ಹಿಂದಿರುಗಿಸಿ, ಹಾಟ್ ಏರ್‌ನಿಂದ ಬೆಸುಗೆ ಕರಗಿಸಿ ಚಿಪ್ ಒಂದನ್ನು ಎತ್ತಿ ನೋಡಿದೆ. ಅದರ ಅಡಿಯಲ್ಲಿ ಒಣಗಿದ ಕೆನೆಯಂತಹ ಬಿಳಿಯ ಪದರವಿತ್ತು. ನಾನೇ ಅದನ್ನು ಅಲ್ಲಿ ಗಟ್ಟಿ ಮಾಡಿ ಕೂರಿಸಿದ್ದೆನೆಂದು ಹೊಳೆಯಲು ಮತ್ತೂ ಆರು ತಿಂಗಳು ಬೇಕಾಯಿತು.

ಅದು ಹೊಳೆದದ್ದು ಹಾಲಿನ ಡೈರಿಯಲ್ಲಿ ಕೆಲಸ ಮಾಡಿದ್ದ ನನ್ನ ಭಾವನ ಮಾತಿನಿಂದ. ಹಾಲು ಕೆಡುವ ಹಂತದಲ್ಲಿದೆಯೇ ಎಂದು ತಿಳಿಯಲು ಡೈರಿಗಳಲ್ಲಿ ಆಲ್ಕೊಹಾಲ್ ಪರೀಕ್ಷೆ ಮಾಡುತ್ತಾರೆ. ಹಾಲಿಗೆ ಅಷ್ಟೇ ಪ್ರಮಾಣದ ಆಲ್ಕೊಹಾಲ್ ಬೆರೆಸಿದಾಗ ಹುಳಿ ತಿರುಗಿದ ಹಾಲು ಒಡೆದು ಕಣಕಣವಾಗುತ್ತದೆ. ಅಂದೇ ರಾತ್ರಿ ಮನೆಯಲ್ಲಿ ಸ್ಟೀಲ್ ಬಟ್ಟಲಿಗೆ ಎರಡು ಚಮಚ ಕಷಾಯ ಹಾಕಿ, ಅದರ ಮೇಲೆ ಎರಡು ಚಮಚ 99 ಶೇಕಡಾದ ಐಪಿಎ ಸುರಿದೆ. ಬಟ್ಟಲನ್ನು ಒಮ್ಮೆ ತಿರುಗಿಸುವಷ್ಟರಲ್ಲಿ ಬಿಳಿಯ ಚೂರುಗಳು ಎದ್ದು ಬಂದು ಸ್ಟೀಲಿನ ಗೋಡೆಗೆ ಅಂಟಿದವು. ಇನ್ನೊಂದು ಬಟ್ಟಲಿನಲ್ಲಿ ಬೆಲ್ಲದ ಪಾಕಕ್ಕೆ ಐಪಿಎ ಹಾಕಿದಾಗ ಪಾಕ ಕರಗುವ ಬದಲು ತಳದಲ್ಲಿ ಅಂಟು ಮುದ್ದೆಯಾಗಿ ಕುಳಿತುಕೊಂಡಿತು. ಎರಡೂ ಬಟ್ಟಲುಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅಲುಗಾಡಿಸಿದೆ. ಬೆಲ್ಲ ಪೂರ್ತಿ ಹೋಯಿತು, ಹಾಲಿನ ಚೂರುಗಳು ಮಾತ್ರ ಒಮ್ಮೆ ಗಟ್ಟಿಯಾದ ಮೇಲೆ ಸುಲಭಕ್ಕೆ ಬಿಡಲಿಲ್ಲ. ಐಪಿಎ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅದರ ಸರದಿ ನೀರಿನ ನಂತರ ಎಂದಷ್ಟೇ ಹೇಳುತ್ತಿದ್ದೇನೆ.

ಆ ಹುಮ್ಮಸ್ಸಿನಲ್ಲಿ ಒಂದು ತಿಂಗಳು ನಾನು ಗುಜರಿಯ ಬೋರ್ಡುಗಳಿಗೆ ಏನೇನನ್ನೋ ಕುಡಿಸಿದೆ. ಐದು ವೋಲ್ಟ್ ಕೊಟ್ಟು ಒಂದಕ್ಕೆ ಕಷಾಯ, ಒಂದಕ್ಕೆ ಮುರುಗಲು ಹಣ್ಣಿನ ಶರಬತ್ತು, ಒಂದಕ್ಕೆ ಎಳನೀರು, ಒಂದಕ್ಕೆ ನಲ್ಲಿಯ ನೀರು ಹಾಕಿ ಕಾದೆ. ಎಳ್ಳಷ್ಟೂ ನಿರೀಕ್ಷಿಸದಿದ್ದ ಎಳನೀರು ಎಲ್ಲಕ್ಕಿಂತ ಮೊದಲು ಕೆಲಸ ಮುಗಿಸಿತು; ಅದರಲ್ಲಿರುವ ಲವಣದಿಂದ ಹತ್ತು ನಿಮಿಷದೊಳಗೆ ಕನೆಕ್ಟರಿನ ಕಾಲುಗಳ ನಡುವೆ ಗುಳ್ಳೆ ಎದ್ದು ಹಸಿರು ಬಣ್ಣ ಕಾಣಿಸಿತು. ಶರಬತ್ತಿನ ಹುಳಿ ಎರಡನೆಯದು. ಕಷಾಯ ತಿನ್ನುವುದರಲ್ಲಿ ನಿಧಾನ, ಆದರೆ ತೊಳೆಯುವುದರಲ್ಲಿ ಅದೇ ಎಲ್ಲಕ್ಕಿಂತ ಹಠಮಾರಿ. ಮಂಗಳವಾರ ಬಂದ ಈ ಯಂತ್ರವನ್ನು ಒಪ್ಪಿಕೊಳ್ಳಲು ನನಗೆ ಧೈರ್ಯ ಕೊಟ್ಟದ್ದು ಆ ನಾಲ್ಕು ಗುಜರಿ ಬೋರ್ಡುಗಳು.

ಕೆಲಸಕ್ಕೆ ಬರುತ್ತೇನೆ. ರ‍್ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡು, ಹೀಟ್‌ಸಿಂಕ್, ಫ್ಯಾನು, ಸ್ಪೀಕರು ಎಲ್ಲವೂ ಹೊರಗೆ ಬರಬೇಕೆಂದು ನಿಮಗೆ ಗೊತ್ತು. ಬ್ಯಾಟರಿಯ ಜೊತೆಗೆ ಗುಂಡಿಯಂತಹ ಮೂರು ವೋಲ್ಟಿನ ಸೆಲ್ಲನ್ನೂ ತೆಗೆಯಬೇಕೆಂದು ನಾನು ಕಲಿತದ್ದು ಒಂದು ಒಳ್ಳೆಯ ಬೋರ್ಡನ್ನು ತೆತ್ತ ಮೇಲೆ. ಬೋರ್ಡಿನ ಮೇಲಿನ ಕಪ್ಪು ಟೇಪುಗಳನ್ನೂ ತೆಳು ಪ್ಲಾಸ್ಟಿಕ್ ಹಾಳೆಗಳನ್ನೂ ಒಂದನ್ನೂ ಬಿಡದೆ ಎತ್ತಿದೆ, ಏಕೆಂದರೆ ಕಷಾಯ ಅಡಗಿ ಕೂರುವುದು ಅವುಗಳ ಅಡಿಯಲ್ಲಿ. ನೀರೆಂದರೆ ನಲ್ಲಿಯದೂ ಅಲ್ಲ, ಬಾವಿಯದೂ ಅಲ್ಲ, ವಾಹನದ ಬ್ಯಾಟರಿಗೆ ಹಾಕುವ ಲವಣವಿಲ್ಲದ ನೀರು. ಐದು ಲೀಟರಿನ ಕ್ಯಾನಿಗೆ ಆಗ ನೂರು ನೂರಿಪ್ಪತ್ತು ರೂಪಾಯಿ ಇತ್ತೆಂದು ನೆನಪು. ಅದನ್ನು ಕೈಗೆ ಹಿತವೆನಿಸುವಷ್ಟು, ಅಂದರೆ ನಲವತ್ತು ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿ, ಹಾಲಿನ ಜಿಡ್ಡನ್ನು ಬಿಡಿಸಲು ಎರಡು ಹನಿ ಇನ್ನೊಂದನ್ನು ಸೇರಿಸಿದೆ. ಆ ಎರಡು ಹನಿ ಯಾವುದರದೆಂದು ನಾನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ವಿಷಯ. ಬೋರ್ಡನ್ನು ಮುಳುಗಿಸಿ ಹದಿನೈದು ನಿಮಿಷ ಬಿಟ್ಟು ಮೆದುವಾದ ಟೂತ್ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿದೆ. ಮೊದಲ ನೀರು ನಿಜವಾಗಿಯೂ ಕಷಾಯದ ಬಣ್ಣಕ್ಕೆ ತಿರುಗಿತು, ಮೂರನೆಯದರಲ್ಲಿ ಬಟ್ಟಲಿನ ತಳ ಕಾಣಿಸಿತು. ಕೊನೆಯದಾಗಿ ಏನನ್ನೂ ಬೆರೆಸದ ನೀರಿನಲ್ಲಿ ಎರಡು ಸಲ ಜಾಲಿಸಿದೆ. ಆಮೇಲೆಯೇ ಐಪಿಎ, ಅದೂ ಎರಡು ಸಲ, ಚಿಪ್ಪುಗಳ ಅಡಿಯ ನೀರನ್ನು ಹೊರಗೆ ಎಳೆಯುವುದಕ್ಕೆ.

ಕನ್ನಡಕದಂಗಡಿಯವರು ಇಟ್ಟುಕೊಳ್ಳುವಂತಹ, ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ತೊಟ್ಟಿ ಏಕೆ ಬಳಸಲಿಲ್ಲವೆಂದು ಕೇಳುವವರಿದ್ದಾರೆ. 2,800 ರೂಪಾಯಿ ಕೊಟ್ಟು ತಂದಿದ್ದೆ. ಮೊದಲ ವಾರವೇ ಒಂದು ಬೋರ್ಡಿಗೆ ತಾಳ ಹಾಕುವ ಗಡಿಯಾರದ ಕ್ರಿಸ್ಟಲ್ ಆ ತೊಟ್ಟಿಯ ನಡುಕಕ್ಕೆ ಪ್ರಾಣ ಬಿಟ್ಟಿತು, ಕಾರಣ ಹುಡುಕುವುದರಲ್ಲಿ ನನ್ನ ಎರಡು ದಿನ ಹೋದವು. ಈಗ ಅದರಲ್ಲಿ ಹೆಂಡತಿಯ ಕಾಲ್ಗೆಜ್ಜೆ ತೊಳೆಯುತ್ತೇವೆ.

ಮಲೆನಾಡಿನಲ್ಲಿ ತೊಳೆಯುವುದು ಅರ್ಧ ಕೆಲಸ, ಒಣಗಿಸುವುದು ಒಂದೂವರೆ ಕೆಲಸ. ಜುಲೈಯಲ್ಲಿ ನನ್ನ ಅಂಗಡಿಯ ಗೋಡೆಯ ಮೇಲಿನ ತೇವಾಂಶದ ಮಾಪಕ ಶೇಕಡಾ ತೊಂಬತ್ತರ ಕೆಳಗೆ ಇಳಿಯುವುದೇ ಅಪರೂಪ. ಒಗೆದ ಬನಿಯನ್ನು ನಾಲ್ಕು ದಿನವಾದರೂ ತಣ್ಣಗಿರುತ್ತದೆ, ಡಬ್ಬದ ಅಕ್ಕಿಯೇ ಥಂಡಿ ಹಿಡಿದಿರುತ್ತದೆ, ಅದು ಯಂತ್ರದ ನೀರನ್ನು ಎಲ್ಲಿಂದ ಎಳೆದೀತು? ಈ ಯಂತ್ರದ ಫ್ಯಾನಿನೊಳಗೆ ಏಳೆಂಟು ಅಕ್ಕಿ ಕಾಳುಗಳು ಸಿಕ್ಕವು, ಎರಡು ಉಬ್ಬಿ ಅನ್ನದ ಹಾದಿಯಲ್ಲಿದ್ದವು. ಹೇರ್ ಡ್ರೈಯರ್ ಹಿಡಿದು ನಾನು ಹಿಂದೊಮ್ಮೆ ಕನೆಕ್ಟರುಗಳನ್ನು ಬಗ್ಗಿಸಿದ್ದೇನೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಹೊಡೆಸಿದರೆ ಬೇಗ ಆಗುತ್ತದೆಂದು ಒಂದು ಬೋರ್ಡನ್ನು ಒಯ್ದಿದ್ದೆ. ಮಳೆಗಾಲದಲ್ಲಿ ಟ್ಯಾಂಕಿನ ತಳದಲ್ಲಿ ನಿಂತಿದ್ದ ನೀರೂ ಎಣ್ಣೆಯೂ ಒಟ್ಟಾಗಿ ಬಂದು, ತೊಳೆದ ಬೋರ್ಡಿನ ಮೇಲೆ ಒಗ್ಗರಣೆಯಂತೆ ಸಿಡಿದವು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಫೋಟೋ ಸ್ಟುಡಿಯೋದವರ ಹಳೆಯ ರೂಢಿ. ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಅವರು ಕಪಾಟಿನಲ್ಲಿ ಸದಾ ಒಂದು ಸಣ್ಣ ಬಲ್ಬು ಉರಿಸುತ್ತಾರೆ. ನಾನು ಹಳೆಯ ಟಿವಿಯೊಂದರ ಮರದ ಪೆಟ್ಟಿಗೆಗೆ 60 ವ್ಯಾಟಿನ ತಂತಿ ಬಲ್ಬು ಹಾಕಿ, ಕೆಳಗೆ ತೂತು ಕೊರೆದು, ಮೇಲೆ ಹಳೆಯ ಕಂಪ್ಯೂಟರಿನ ಫ್ಯಾನನ್ನು ಗಾಳಿ ಹೊರಗೆ ತಳ್ಳುವಂತೆ ಕೂರಿಸಿದೆ. ಒಳಗೆ ನಲವತ್ತೈದರಿಂದ ಐವತ್ತು ಡಿಗ್ರಿ ನಿಲ್ಲುತ್ತದೆ. ಎಲ್ಇಡಿ ಬಲ್ಬು ಹಾಕಿ ಏಕೆ ಒಣಗಲಿಲ್ಲವೆಂದು ನನಗೆ ಫೋನು ಮಾಡಬೇಡಿ, ನಮಗೆ ಬೇಕಿರುವುದು ಬೆಳಕಲ್ಲ. ಬೋರ್ಡನ್ನು ಒಳಗೆ ಯಾವ ಭಂಗಿಯಲ್ಲಿ ನಿಲ್ಲಿಸಬೇಕೆಂಬುದರಲ್ಲೂ ಒಂದು ಗುಟ್ಟಿದೆ, ಅದೂ ನನ್ನ ಬಳಿಯೇ ಇರಲಿ. ಈ ಬೋರ್ಡು ಅಲ್ಲಿ ಸುಮಾರು ಮೂವತ್ತು ಗಂಟೆ ಇತ್ತು.

ಗುರುವಾರ ಹೊರಗೆ ತೆಗೆದು ಮೀಟರ್ ಇಟ್ಟಾಗ ಹತ್ತೊಂಬತ್ತು ವೋಲ್ಟಿನ ಲೈನು ಬೀಪ್ ಎಂದಿತು. ಪೂರ್ತಿ ಶಾರ್ಟ್, ಅಂದರೆ ಕರೆಂಟು ಎಲ್ಲೋ ಅಡ್ಡದಾರಿ ಹಿಡಿದಿತ್ತು. ಚಹಾದಂಗಡಿಯಲ್ಲಿ ಸುದ್ದಿಯಾಯಿತು, "ನೀರು ಹಾಕಿದವನು ಇನ್ನೇನಾಗಬೇಕೆಂದುಕೊಂಡಿದ್ದ" ಎಂದರು. ನಾನು ಬಾಗಿಲನ್ನು ಅರ್ಧ ಎಳೆದುಕೊಂಡು, ಡಿಸಿ ಸಪ್ಲೈಯನ್ನು ಒಂದು ವೋಲ್ಟಿಗೆ ಇಳಿಸಿ, ಎರಡು ಆಂಪಿಯರಿಗೆ ಕಟ್ಟಿಹಾಕಿ ಆ ಲೈನಿಗೆ ಕೊಟ್ಟೆ. ಬೋರ್ಡಿನ ಮೇಲೆ ಐಪಿಎಯನ್ನು ತೆಳುವಾಗಿ ಸವರಿ ದೀಪವನ್ನು ಓರೆಯಾಗಿ ಹಿಡಿದಾಗ ಇಡೀ ಬೋರ್ಡು ಒದ್ದೆಯಾಗಿ ಮಿನುಗುತ್ತಿತ್ತು, ಕರೆಂಟನ್ನು ಬಿಟ್ಟು ತಡೆಯುವ ಮಾಸ್ಫೆಟ್‌ನ ಪಕ್ಕದ ರಾಗಿ ಕಾಳಿನಷ್ಟಿದ್ದ ಒಂದು ಕೆಪಾಸಿಟರಿನ ಮೇಲೆ ಮಾತ್ರ ತೇವ ಸುತ್ತಲೂ ಸರಿದು ಒಣ ಚುಕ್ಕೆ ಮೂಡಿತು; ಶಾರ್ಟ್ ಆದ ಭಾಗ ಬಿಸಿಯಾಗಿ ತನ್ನ ಮೇಲಿನ ಐಪಿಎಯನ್ನು ಬೇಗ ಆರಿಸುತ್ತದೆ. ಬೆರಳಿಟ್ಟರೆ ಚುರ್ ಎಂದಿತು. ಅದನ್ನು ಎತ್ತಿ ತೆಗೆದೆ, ಶಾರ್ಟ್ ಹೋಯಿತು. ಆ ಲೈನಿನಲ್ಲಿ ಅಂತಹವು ಜೊತೆಜೊತೆಗೆ ಹಲವಿದ್ದುದರಿಂದ ಒಂದಿಲ್ಲದೆಯೂ ಕೆಲಸ ನಡೆಯುತ್ತದೆ, ಆದರೂ ಗುಜರಿಯಿಂದ ಒಂದನ್ನು ಕಿತ್ತು ಹಾಕಿದೆ. ತುಕ್ಕು ತಿಂದಿದ್ದ ಚಾರ್ಜಿಂಗ್ ಐಸಿಯನ್ನು ಬದಲಿಸಿ, ಪಕ್ಕದ ಒಂದು ಸವೆದ ಗೆರೆಗೆ ಕೂದಲೆಳೆಯಂತಹ ತಂತಿ ಜೋಡಿಸಿದೆ. ಶುಕ್ರವಾರ ಸಂಜೆ ನಾಲ್ಕೂವರೆಗೆ ಫ್ಯಾನು ತಿರುಗಿತು.

ಕೀಬೋರ್ಡು ಉಳಿಯಲಿಲ್ಲ, ಉಳಿಸಲು ಪ್ರಯತ್ನಿಸಲೂ ಇಲ್ಲ. ಹಾಳೆಗಳ ನಡುವೆ ಬೆಲ್ಲ ಹೊಕ್ಕ ಕೀಬೋರ್ಡನ್ನು ತೊಳೆಯುತ್ತ ಕೂರುವುದು ನಷ್ಟದ ಬಾಬತ್ತು. ಹೊಸದನ್ನು ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿಗೆ ಹಾಕಿಸಿ ತರಿಸಿದೆ, 1,350 ಬಿತ್ತು. ಐಸಿ, ಐಪಿಎ, ನೀರು, ಬಸ್ಸಿನ ಪಾರ್ಸೆಲ್ ಎಲ್ಲ ಸೇರಿ ಇನ್ನೊಂದು 600 ಇರಬಹುದು. ನಾನು ತೆಗೆದುಕೊಂಡದ್ದು 4,500. ಅಷ್ಟು ದಿನದ ದುಡಿಮೆಗೆ ಅದು ಕಡಿಮೆಯೆಂದು ನನಗೆ ಈಗಲೂ ಅನಿಸುತ್ತದೆ, 31,000ದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದವರ ಬಳಿ ಅದಕ್ಕಿಂತ ಹೆಚ್ಚು ಕೇಳಲು ಬಾಯಿ ಬರಲಿಲ್ಲ. ದೀಪಾವಳಿಗೆ ಅವರು ಒಂದು ಬಾಟಲಿ ಜೇನುತುಪ್ಪ ಕಳುಹಿಸಿದ್ದರು.

ಮೊನ್ನೆ ಆ ಹುಡುಗಿ ರ‍್ಯಾಮ್ ಹೆಚ್ಚಿಸಲು ಬಂದಿದ್ದಳು. ಒಲೆಯ ಪಕ್ಕ ಸೊಟ್ಟಗಾದ ಮೂಲೆ ಹಾಗೆಯೇ ಇದೆ. ಅವಳು ಪೇಟೆಗೆ ಹೋಗಿ ಬರುವಷ್ಟರಲ್ಲಿ ನಾನು ಕೇಳದೆಯೇ ಬೋರ್ಡನ್ನು ಹೊರಗೆ ತೆಗೆದು, ಟೇಪು ಎತ್ತಿ, ಚಾರ್ಜಿಂಗ್ ಐಸಿಯ ಸುತ್ತ ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲಿಯೂ ಹಸಿರು ಇರಲಿಲ್ಲ. ಎದುರು ಸಾಲಿನ ಹಿರಿಯರನ್ನು ಕರೆದು ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ನಾನು ಜೋಡಿಸಿದ್ದ ತಂತಿಯ ಬೆಸುಗೆ ಸ್ವಲ್ಪ ದಪ್ಪವಾಯಿತು ಎಂದರು. ಹೊರಡುವಾಗ ಆ ನೀರಿನ ಕ್ಯಾನು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಕೇಳಿದರು.