ಮೊಣಕಾಲುದ್ದ ನೀರಿಗೊಂದು ಅಲ್ಯೂಮಿನಿಯಂ ಬೋಟು

ಗಾಳ ಹಾಕಲು ನಾನು ತಂದ ಅಲ್ಯೂಮಿನಿಯಂ ಬೋಟನ್ನು ತಗಡಿನ ಡಬ್ಬ ಅಂದವರೇ ಈಗ ಅದೇ ಡಬ್ಬದಲ್ಲಿ ಜಾಗ ಇದೆಯಾ ಎಂದು ಕೇಳುತ್ತಾರೆ. ಉಪ್ಪುನೀರು ತಿಂದು ಹಾಕುತ್ತದೆ, ಎದ್ದು ನಿಂತರೆ ಮಗುಚುತ್ತದೆ, ಗಾಳಿ ಬೀಸಿದರೆ ಎಲ್ಲಿಗೋ ಹೋಗುತ್ತೀಯ ಎಂದು ಹೇಳದವರೇ ಇರಲಿಲ್ಲ. ಗಾಳಿಯ ಮಾತು ನಿಜ, ಒಪ್ಪುತ್ತೇನೆ. ಉಳಿದ ಎರಡು ಸುಮ್ನೆ ಮಾತು.

ಬೋಟು ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಇದನ್ನೇ: ಎಷ್ಟು ನೀರಿದ್ದರೆ ತೇಲುತ್ತದೆ? ಮಾರುವವರು ಮೂರು ಇಂಚು, ನಾಲ್ಕು ಇಂಚು ಅನ್ನುತ್ತಾರೆ. ಸುಳ್ಳಲ್ಲ, ಆದರೆ ಆ ಬೋಟಿನಲ್ಲಿ ಮನುಷ್ಯರೂ ಇಲ್ಲ, ಸಾಮಾನೂ ಇಲ್ಲ. ನಾನು ಕಾಗದ ಹಿಡಿದು ಕೂತೆ. ಉದ್ದ 14 ಅಡಿ, ತಳದ ಅಗಲ 48 ಇಂಚು. ಇಷ್ಟು ಚಪ್ಪಟೆ ತಳ ಒಂದು ಇಂಚು ಮುಳುಗಲು ಹೆಚ್ಚುಕಮ್ಮಿ 135 ಕೆಜಿ ಬೇಕು. ಮೂತಿ ಮೇಲಕ್ಕೆ ಬಾಗಿರುವುದರಿಂದ 115 ಎಂದು ಹಿಡಿಯೋಣ. ಬೋಟು, ಎಂಜಿನ್, ಇಬ್ಬರು ಮನುಷ್ಯರು, ಪೆಟ್ರೋಲು, ಬ್ಯಾಟರಿ, ಗಾಳದ ಸಾಮಾನು ಎಲ್ಲ ಸೇರಿ ನಾನೂರು ಚಿಲ್ಲರೆ ಕೆಜಿ. ಅಂದರೆ ಮೂರೂವರೆ ಇಂಚು ಮುಳುಗಬೇಕು. ಅದೇ ತೂಕ 36 ಇಂಚಿನ ತಳಕ್ಕೆ ಹಾಕಿದರೆ ಐದರ ಹತ್ತಿರ ಹೋಗುತ್ತದೆ, ಮೇಲಿಂದ ಓಲಾಟ ಬೇರೆ. ಅಗಲಕ್ಕೆ ಕೊಟ್ಟ ಹಣ ನನಗೆ ಎಂದೂ ದಂಡ ಅನ್ನಿಸಿಲ್ಲ. ಮಗುಚುತ್ತದೆ ಅಂದಿದ್ದ ಗೆಳೆಯನನ್ನೇ ಹತ್ತಿಸಿ, ಇಬ್ಬರೂ ಒಂದೇ ಅಂಚಿಗೆ ಬಂದು ನಿಂತೆವು. ವಾಲಿತು, ನೀರು ಒಳಗೆ ಬರಲಿಲ್ಲ.

ಆದರೆ ಈ ಲೆಕ್ಕ ನೀರಿನಲ್ಲಿ ಹಾಗೇ ನಿಲ್ಲುವುದಿಲ್ಲ. ಎಂಜಿನ್, ಟ್ಯಾಂಕು, ಬ್ಯಾಟರಿ, ಓಡಿಸುವವನು, ಎಲ್ಲರ ಜಾಗವೂ ಹಿಂದೆಯೇ ಅಲ್ವಾ? ಬೋಟಿನ ಹೊರಮೈಗೆ ಮುಂದೊಂದು ಹಿಂದೊಂದು ಟೇಪು ಅಂಟಿಸಿ, ಇಂಚಿನ ಗುರುತು ಹಾಕಿ ನೀರಿಗೆ ಇಳಿಸಿದೆ. ಹಿಂದೆ ಆರೂವರೆ, ಮುಂದೆ ಎರಡೂ ಇಲ್ಲ. ನೆಲಕ್ಕೆ ತಾಗುವುದು ಹಿಂಬದಿ. ಟ್ಯಾಂಕು, ಬ್ಯಾಟರಿ ಎರಡನ್ನೂ ಮುಂದಕ್ಕೆ ಸಾಗಿಸಿದೆ. ಹಿಂದೆ ಒಂದೂವರೆ ಇಂಚು ಎದ್ದಿತು, ವೇಗ ಹಿಡಿದಾಗ ಬೋಟು ನೀರಿನ ಮೇಲೆ ಹತ್ತಿ ಜಾರುವುದೂ ಬೇಗ ಆಯಿತು. ತೆಳು ವೈರಿನಲ್ಲಿ ಅಷ್ಟು ದೂರಕ್ಕೆ ಕರೆಂಟು ಸರಿಯಾಗಿ ಮುಟ್ಟದೆ, ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮುಲುಗುತ್ತಿತ್ತು. ದಪ್ಪ ಕೇಬಲ್ ಹಾಕಿಸಲು ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ತಳಕ್ಕಿಂತ ದೊಡ್ಡ ತಲೆನೋವು ಪ್ರೊಪೆಲ್ಲರ್. ತಳ ನಾಲ್ಕು ಇಂಚಿನಲ್ಲಿ ತೇಲಿದರೂ ಎಂಜಿನ್ನಿನ ಕಾಲು ಅದರ ಕೆಳಗೆ ಒಂದಡಿಗೂ ಜಾಸ್ತಿ ಇಳಿದಿರುತ್ತದೆ. ನಾನು ಕೈಯಿಂದ ಏರಿಸುವ ಸಾದಾ ಜ್ಯಾಕ್ ಪ್ಲೇಟ್ ಹಾಕಿದೆ, ಅಂದರೆ ಎಂಜಿನ್ನನ್ನು ಬೇಕಾದ ಎತ್ತರದ ತೂತಿಗೆ ಬಿಗಿಯುವ ಲೋಹದ ಪಟ್ಟಿ. ಒಂದೊಂದೇ ತೂತು ಮೇಲಕ್ಕೆ ಏರಿಸುತ್ತಾ ಹೋಗಿ, ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ಎಳೆಯಲು ಶುರು ಮಾಡಿದ ಕಡೆ ಒಂದು ತೂತು ಕೆಳಗೆ ಇಳಿಸಿದೆ. ಎಂಜಿನ್ ತಣ್ಣಗಿಡುವ ನೀರಿನ ಧಾರೆ ಮೇಲೆ ಮಾತ್ರ ಕಣ್ಣಿರಬೇಕು. ಬ್ಲೇಡಿನ ಅಂಚಿಗೆ ನಾನು ಮಾಡಿಸಿದ ಸಣ್ಣ ಕೆಲಸ ಒಂದಿದೆ, ಅದು ನನ್ನಲ್ಲೇ ಇರಲಿ.

ತಳದ ಹಿಂಬದಿಯಲ್ಲಿ ಟನೆಲ್, ಅಂದರೆ ಪ್ರೊಪೆಲ್ಲರಿಗೆ ನೀರು ಹರಿಯುವ ಟೊಳ್ಳು ಕಾಲುವೆ ಇರುವ ಬೋಟು ತಗೋ ಎಂದು ಬಹಳ ಜನ ಹೇಳಿದರು. ಒಂದನ್ನು ಓಡಿಸಿ ನೋಡಿದೆ. ಪ್ರೊಪೆಲ್ಲರ್ ಮೇಲೇರುವುದು ನಿಜ. ಆದರೆ ತೇಲಿಸಬೇಕಾದ ಹಿಂಬದಿಯಲ್ಲೇ ಟೊಳ್ಳು ಮಾಡಿದರೆ ಅದು ಇನ್ನಷ್ಟು ಕೂರುತ್ತದೆ. ದೊಡ್ಡ ಬೋಟಿಗೆ ಸರಿ, 14 ಅಡಿಗೆ ನಾನಂತೂ ಬೇಡ ಅನ್ನುತ್ತೇನೆ. ನಾನು ತಂದದ್ದು ಮೂತಿಯಲ್ಲಿ ಸ್ವಲ್ಪ ವಿ ಆಕಾರ, ಹಿಂದೆ ಚಪ್ಪಟೆ ಇರುವ ತಳ. ಪೂರ್ತಿ ಚಪ್ಪಟೆಯಾದರೆ ಸಣ್ಣ ಅಲೆಗೂ ಬೆನ್ನು ಮುರಿಯುತ್ತದೆ.

ಇನ್ನು ದುಡ್ಡು. ವೆಲ್ಡ್ ಮಾಡಿದ ಹೊಸದರ ಬೆಲೆ ಕೇಳಿ ವಾಪಸ್ ಬಂದೆ. ರಿವೆಟ್ ಹೊಡೆದ ಹಳೆಯದನ್ನು ತಂದು, ಉಳಿದ ಹಣವನ್ನು ಒಳ್ಳೆಯ ಎಂಜಿನ್ನಿಗೆ ಹಾಕಿದೆ. ಬೋಟಿಗೆ ಕೊಟ್ಟಿದ್ದು ಒಟ್ಟು ಖರ್ಚಿನ ಕಾಲು ಭಾಗವೂ ಇಲ್ಲ. ಟ್ರೈಲರಿನ ಮೇಲೆಯೇ ಬೋಟಿಗೆ ಒಂದು ಗೇಣಿಗಿಂತ ಕಡಿಮೆ ನೀರು ತುಂಬಿಸಿ, ಕೆಳಗೆ ಮಲಗಿ ಸೋರುವ ರಿವೆಟ್‌ಗಳನ್ನೆಲ್ಲ ಗುರುತು ಮಾಡಿಕೊಂಡೆ. ಬಹುಪಾಲು ಸುತ್ತಿಗೆಯಿಂದ ಮತ್ತೆ ಬಿಗಿಯಾದವು. ಬದಲಿಸಿದ್ದು ಕೆಲವೇ. ಅದಕ್ಕೂ ಮುಂಚೆ ಎರಡು ಬೋಟು ಬಿಟ್ಟುಬಂದಿದ್ದೆ. ಒಂದರಲ್ಲಿ ಎಂಜಿನ್ ಹಿಡಿದು ಅಲ್ಲಾಡಿಸಿದರೆ ಅದು ಕೂರುವ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್ಮೂ ಜೊತೆಗೆ ಅಲ್ಲಾಡುತ್ತಿತ್ತು, ಒಳಗಿನ ಪ್ಲೈವುಡ್ ಕೊಳೆತಿತ್ತು. ಇನ್ನೊಂದು ಹೊರಗೆ ಹೊಸದರ ಹಾಗೇ, ಆದರೆ ಸೀಟಿನೊಳಗಿನ ಫೋಮ್ ನೀರು ಕುಡಿದು ಎತ್ತಲಾಗದಷ್ಟು ಭಾರ. ಟ್ರಾನ್ಸಮ್ ಎತ್ತರ 15 ಇಂಚೋ 20 ಇಂಚೋ ಎಂದು ಅಳೆಯದೆ ಎಂಜಿನ್ ಮಾತಾಡಬೇಡಿ, ಎಂಜಿನ್ನಿನ ಕಾಲು ಅದಕ್ಕೆ ಹೊಂದಬೇಕು.

ಉಪ್ಪಿನ ವಿಷಯ. 5052 ಎಂಬ ನಂಬರಿನ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಉಪ್ಪುನೀರು ತಡೆಯುತ್ತದೆ. ತಿನ್ನುವುದು ಪಕ್ಕದಲ್ಲಿ ಕೂತ ಬೇರೆ ಲೋಹ. ತಾಮ್ರ ಇರುವ ಬಣ್ಣ ಬಳಿಯಬಾರದು, ತಾಮ್ರದ ಔಷಧಿ ಕುಡಿಸಿದ ಪ್ಲೈವುಡ್ ನೆಲಕ್ಕೆ ಹಾಸಬಾರದು. ಪರಿಚಯದವರೊಬ್ಬರ ಬೋಟಿನ ನೆಲ ಎತ್ತಿದಾಗ ಅಡಿಯಲ್ಲಿ ಬಿಳಿ ಪುಡಿ, ಪುಡಿಯ ಅಡಿಯಲ್ಲಿ ತೂತು. ಸ್ಟೀಲ್ ಸ್ಕ್ರೂಗಳ ಕೆಳಗೆ ನೈಲಾನ್ ವಾಷರ್ ಕೊಟ್ಟೆ. ಬೋಟಿನ ಬದಲು ತಾನು ಸವೆಯಲೆಂದೇ ಹಾಕುವ ಸತುವಿನ ತುಂಡು, ಅಂದರೆ ಆನೋಡ್, ಸವೆಯುತ್ತಿದ್ದರೆ ಖುಷಿಪಡಿ, ಅದು ತನ್ನ ಕೆಲಸ ಮಾಡುತ್ತಿದೆ.

ನಡುವೆ ಸದ್ದಿನ ಹಿಂದೆ ಬಿದ್ದೆ. ಡಬ್ಬಿ ಬಿದ್ದರೂ ಮೀನು ಚದುರುತ್ತದೆ. ರಬ್ಬರ್ ಮ್ಯಾಟು ಹಾಸಿದೆ, ಅಡಿಯಲ್ಲಿ ನೀರು ನಿಂತಿತು, ಕಿತ್ತು ಎಸೆದೆ. ಇವಿಎ ಎಂಬ ಮೆತ್ತನೆಯ ಫೋಮ್ ಹಾಳೆಯನ್ನು ಪೂರ್ತಿ ಅಂಟಿಸಿದ ಮೇಲೆ ನೆಮ್ಮದಿ. ಮೂತಿಯ ಅಡಿಗೆ ಅಲೆ ಬಡಿಯುವ ಪಟಪಟ ಸದ್ದು ಮಾತ್ರ ಇನ್ನೂ ಹೋಗಿಲ್ಲ.

ಗಾಳಿಗೆ ಸದ್ಯಕ್ಕೆ ಎರಡು ಗಳ ಇಟ್ಟುಕೊಂಡಿದ್ದೇನೆ. ಒಂದನ್ನೇ ಊರಿದರೆ ಬೋಟು ಅದರ ಸುತ್ತ ತಿರುಗುತ್ತದೆ. ಮುಂದೊಂದು, ಹಿಂದೊಂದು ಊರಿದರೆ ನಿಂತಲ್ಲೇ ನಿಲ್ಲುತ್ತದೆ, ಆಂಕರ್ ಸರಪಳಿಯ ಗಲಾಟೆಯೂ ಇಲ್ಲ. ಕೆಸರು ತೀರಾ ಮೆತ್ತಗಿದ್ದ ಕಡೆ ಮಾತ್ರ ಗಳ ಹಿಡಿಯುವುದಿಲ್ಲ. ಅಂಥ ಜಾಗಕ್ಕೆ ಗಾಳಿ ಇರುವ ದಿನ ನಾನು ಹೋಗುವುದೇ ಇಲ್ಲ.